ವಿದ್ಯುತ್ ಉಳಿಸುವ ಗುಂಡಿ ಉಂಟು, ವಿವರಣೆ ಎಲ್ಲಿ?

ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಚಿಪ್ ಹಾಗೂ ಹೊಸ ಪೀಳಿಗೆಯ ಪ್ರೊಸೆಸರ್ ಇಲ್ಲದ ಯಂತ್ರಗಳ ಮಾಲೀಕರ ಮುಂದೆ ಉಳಿದ ದಾರಿಗಳು ಕೆಲವೇ. ಹೊಸ ಯಂತ್ರ ಕೊಳ್ಳುವುದು, ಭದ್ರತಾ ಪರಿಷ್ಕರಣೆಯ ವಿಸ್ತರಿತ ಯೋಜನೆಗೆ ಸೇರುವುದು, ಇಲ್ಲವೇ ಲಿನಕ್ಸ್‌ನತ್ತ ಹೊರಳುವುದು. ಕೊನೆಯ ದಾರಿ ಹಿಡಿದವರಲ್ಲಿ ಹಲವರಿಗೆ ಕೆಲವೇ ದಿನಗಳಲ್ಲಿ ಎದುರಾಗುವ ಪ್ರಶ್ನೆ ಒಂದೇ: ಅದೇ ಲ್ಯಾಪ್‌ಟಾಪ್, ಅದೇ ಬ್ಯಾಟರಿ, ಚಾರ್ಜ್ ಮಾತ್ರ ಏಕೆ ಬೇಗ ಇಳಿಯುತ್ತಿದೆ?

ಇದಕ್ಕೆ ಉತ್ತರವಾಗಿ ಸಾಮಾನ್ಯವಾಗಿ ದೊರೆಯುವುದು ಒಂದು ಸಾಲಿನ ಸಲಹೆ. ಇಂಥ ಕಡತದಲ್ಲಿ ಇಂಥ ಪದ ಬರೆಯಿರಿ, ಸರಿಹೋಗುತ್ತದೆ ಎಂಬುದು ಅದರ ಸಾರ. ಆ ಪದದ ಅರ್ಥವೇನು, ಬರೆದರೆ ಯಂತ್ರದೊಳಗೆ ಏನು ನಡೆಯುತ್ತದೆ, ಬರೆಯಬಾರದ ಸಂದರ್ಭ ಯಾವುದು ಎಂದು ಹೇಳುವವರು ವಿರಳ. ಇದನ್ನು ಬಳಕೆದಾರರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ವಿದ್ಯುತ್ ನಿರ್ವಹಣೆಯ ಸೆಟ್ಟಿಂಗ್‌ಗಳಿಗೆ ವಿವರಣೆ ಬರೆದಿಡುವ ಕೆಲಸ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಎರಡು ದಶಕಗಳಿಂದ ಕುಂಟುತ್ತ ಸಾಗಿದೆ. ಇದರ ಬೆಲೆ ತೆತ್ತದ್ದು ಬ್ಯಾಟರಿಯೊಂದೇ ಅಲ್ಲ. ಕೆಲವು ಡಿಸ್ಕ್‌ಗಳಲ್ಲಿದ್ದ ಮಾಹಿತಿ ಕೆಟ್ಟಿದೆ. ಗುಪ್ತಲಿಪಿಯ ಕೀಲಿಗಳು ಸೋರಬಹುದಾದ ಸ್ಥಿತಿಯೂ ಒದಗಿತ್ತು.

ಕಡತದ ರೂಪದಲ್ಲಿ ಗುಂಡಿಗಳು

ಕರ್ನಲ್ ಎಂಬುದು ಯಂತ್ರಾಂಶ ಮತ್ತು ತಂತ್ರಾಂಶಗಳ ನಡುವೆ ನಿಂತಿರುವ ಮೂಲ ಪದರ. ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕು, ಬಳಕೆಯಲ್ಲಿಲ್ಲದ ಯುಎಸ್‌ಬಿ ಸಾಧನ ಯಾವಾಗ ನಿದ್ರಿಸಬೇಕು, ಡಿಸ್ಕ್‌ಗೆ ಹೋಗುವ ಸಂಪರ್ಕವನ್ನು ಎಷ್ಟರಮಟ್ಟಿಗೆ ಮಲಗಿಸಬಹುದು ಎಂಬುದನ್ನೆಲ್ಲ ನಿರ್ಧರಿಸುವುದು ಈ ಪದರವೇ. 2003ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 2.6 ಸರಣಿಯ ಕರ್ನಲ್‌ನೊಂದಿಗೆ ‘ಸಿಸ್‌ಎಫ್‌ಎಸ್’ ಎಂಬ ವ್ಯವಸ್ಥೆ ಬಳಕೆಗೆ ಬಂತು. ಅದರಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಕೋಶ, ಕೋಶದೊಳಗೆ ಸಣ್ಣಸಣ್ಣ ಕಡತಗಳು. ಇವು ಡಿಸ್ಕ್‌ನಲ್ಲಿ ಉಳಿಯುವ ಕಡತಗಳಲ್ಲ. ಓದಿದರೆ ಸಾಧನದ ಸ್ಥಿತಿ ತಿಳಿಯುತ್ತದೆ, ಬರೆದರೆ ಸ್ಥಿತಿ ಬದಲಾಗುತ್ತದೆ. ಕಡತವೇ ಇಲ್ಲಿ ಗುಂಡಿ.

ಗುಂಡಿ ಕೂರಿಸುವುದು ಸುಲಭ. ಪ್ರೋಗ್ರಾಮರ್ ಹತ್ತಾರು ಸಾಲಿನ ಕೋಡ್ ಬರೆದರೆ ಹೊಸ ಕಡತ ಸಿದ್ಧ. ತೆಗೆಯುವುದು ಕಷ್ಟ. ಬಳಕೆದಾರರ ತಂತ್ರಾಂಶ ನೆಚ್ಚಿಕೊಂಡ ಯಾವ ನಡವಳಿಕೆಯನ್ನೂ ಕರ್ನಲ್ ಮುರಿಯಬಾರದು ಎಂಬುದು ಲೈನಸ್ ಟೊರ್ವಾಲ್ಡ್ಸ್ ಅವರ ಕಟ್ಟುನಿಟ್ಟಿನ ನಿಯಮ. 2012ರ ಡಿಸೆಂಬರ್‌ನಲ್ಲಿ ಈ ವಿಷಯಕ್ಕೆ ಅವರು ಹಿರಿಯ ಅಭಿವೃದ್ಧಿಕಾರರೊಬ್ಬರ ಮೇಲೆ ಬಹಿರಂಗವಾಗಿಯೇ ಹರಿಹಾಯ್ದದ್ದು ಆ ವಲಯದಲ್ಲಿ ಇಂದಿಗೂ ನೆನಪಿನಲ್ಲಿದೆ. ಹೀಗಾಗಿ ಒಮ್ಮೆ ಹೊರಬಂದ ಗುಂಡಿಯ ಹೆಸರು ತಪ್ಪಿದ್ದರೂ ಅದೇ ಉಳಿಯುತ್ತದೆ. ತಪ್ಪು ಹೆಸರಿನ ಅಪಾಯವನ್ನು ತಗ್ಗಿಸಲು ಉಳಿಯುವ ಸಾಧನ ವಿವರಣೆ ಮಾತ್ರ.

ಈ ಕೊರತೆ ಕರ್ನಲ್ ಬಳಗಕ್ಕೆ ತಿಳಿಯದ್ದೇನಲ್ಲ. 2006ರಲ್ಲಿಯೇ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರು ಕರ್ನಲ್‌ನ ದಾಖಲೆಗಳ ನಡುವೆ ‘ಎಬಿಐ’ ಎಂಬ ಪ್ರತ್ಯೇಕ ವಿಭಾಗ ತೆರೆದರು. ಸ್ಥಿರವಾದವು, ಪರೀಕ್ಷೆಯಲ್ಲಿರುವವು, ಹಳತಾದವು, ತೆಗೆದುಹಾಕಿದವು ಎಂದು ನಾಲ್ಕು ಕೋಶಗಳು. ಹೊಸ ಗುಂಡಿ ತರುವವರು ಅದರ ಹೆಸರು, ಬಂದ ದಿನಾಂಕ, ಸಂಪರ್ಕಿಸಬೇಕಾದ ವ್ಯಕ್ತಿ ಮತ್ತು ಅರ್ಥವನ್ನು ಅಲ್ಲಿ ಬರೆಯಬೇಕು ಎಂಬುದು ಕ್ರಮ. ಕೋಡ್ ಸಲ್ಲಿಸುವವರ ತಪಶೀಲು ಪಟ್ಟಿಯಲ್ಲಿಯೂ ಈ ಷರತ್ತಿದೆ. ಷರತ್ತು ಇರುವುದು ಬೇರೆ, ಪಾಲನೆಯಾಗುವುದು ಬೇರೆ.

‘ಆನ್’ ಎಂದರೆ ಆಫ್!

ಯುಎಸ್‌ಬಿ ಸಾಧನಗಳ ವಿದ್ಯುತ್ ಉಳಿತಾಯಕ್ಕೆ ‘ಪವರ್/ಕಂಟ್ರೋಲ್’ ಎಂಬ ಕಡತವಿದೆ. ಅದರಲ್ಲಿ ಬರೆಯಬಹುದಾದ ಪದಗಳು ಎರಡು, ‘ಆನ್’ ಮತ್ತು ‘ಆಟೊ’. ವಿದ್ಯುತ್ ನಿರ್ವಹಣೆಯ ಕಡತದಲ್ಲಿ ‘ಆನ್’ ಎಂದಿದ್ದರೆ ನಿರ್ವಹಣೆ ಚಾಲೂ ಇದೆಯೆಂದು ಯಾರಾದರೂ ಭಾವಿಸುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ‘ಆನ್’ ಎಂದರೆ ಸಾಧನ ಸದಾ ಎಚ್ಚರವಾಗಿರಲಿ, ಉಳಿತಾಯ ಬೇಡ ಎಂದರ್ಥ. ಉಳಿತಾಯ ಬೇಕಿದ್ದರೆ ‘ಆಟೊ’ ಎಂದು ಬರೆಯಬೇಕು.

ಇದೇ ಗುಂಡಿ 2007ರಲ್ಲಿ 2.6.21ನೇ ಆವೃತ್ತಿಯೊಂದಿಗೆ ಮೊದಲು ಬಂದಾಗ ಅದರ ಹೆಸರು ‘ಪವರ್/ಲೆವೆಲ್’ ಎಂದಿತ್ತು. ನಂತರ ಎಲ್ಲ ಬಗೆಯ ಸಾಧನಗಳಿಗೂ ಅನ್ವಯಿಸುವ ಹೊಸ ಹೆಸರು ಬಂದಾಗ ಹಳೆಯದನ್ನು ‘ಹಳತಾದವು’ ಕೋಶಕ್ಕೆ ಸೇರಿಸಿ, 2010ರ ನಂತರ ತೆಗೆಯಲಾಗುವುದೆಂದು ಬರೆಯಲಾಯಿತು. ಹೆಸರು ಬದಲಾದರೂ ಒಳಗಿನ ಪದಗಳ ಅರ್ಥ ಬದಲಾಗಲಿಲ್ಲ.

ಅಂದಹಾಗೆ, ಹಬ್‌ಗಳನ್ನು ಹೊರತುಪಡಿಸಿ ಉಳಿದ ಯುಎಸ್‌ಬಿ ಸಾಧನಗಳಿಗೆ ಕರ್ನಲ್ ಮೊದಲಿಗೆ ಇಡುವ ಮೌಲ್ಯ ‘ಆನ್’. ಮಲಗಿದ ಮೇಲೆ ಸರಿಯಾಗಿ ಏಳದ ಪ್ರಿಂಟರ್, ಸ್ಕ್ಯಾನರ್‌ಗಳ ಕಾಟವೇ ಇದಕ್ಕೆ ಕಾರಣ. ಈ ಸಂಗತಿಯನ್ನು ಯುಎಸ್‌ಬಿ ವಿಭಾಗದ ದಾಖಲೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಗುಂಡಿಯ ಅರ್ಥವನ್ನಷ್ಟೇ ಅಲ್ಲ, ಅದನ್ನು ಹಾಗೆ ಇಟ್ಟಿರುವ ಕಾರಣವನ್ನೂ ಬರೆದಿರುವ ಅಪರೂಪದ ಪುಟಗಳಲ್ಲಿ ಅದೊಂದು.

ಒಂದೇ ಹೆಸರು, ಎರಡು ಗುಣ

ಇದಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸಿದ್ದು ‘ಪವರ್‌ಸೇವ್’ ಎಂಬ ಪದ. ಪ್ರೊಸೆಸರ್‌ನ ವೇಗವನ್ನು ನಿರ್ಧರಿಸುವ ನೀತಿಗೆ ಲಿನಕ್ಸ್‌ನಲ್ಲಿ ಗವರ್ನರ್ ಎನ್ನುತ್ತಾರೆ. ಮೂಲ ವ್ಯವಸ್ಥೆಯಲ್ಲಿ ‘ಪರ್ಫಾರ್ಮೆನ್ಸ್’ ಗವರ್ನರ್ ಆಯ್ದರೆ ಪ್ರೊಸೆಸರ್ ಅನುಮತಿಸಿದ ಗರಿಷ್ಠ ವೇಗದಲ್ಲಿಯೂ, ‘ಪವರ್‌ಸೇವ್’ ಆಯ್ದರೆ ಕನಿಷ್ಠ ವೇಗದಲ್ಲಿಯೂ ನಿಲ್ಲುತ್ತದೆ. ಇದು ಸರಳ.

2013ರಲ್ಲಿ 3.9ನೇ ಆವೃತ್ತಿಯೊಂದಿಗೆ ಇಂಟೆಲ್ ಸಂಸ್ಥೆ ತನ್ನ ಪ್ರೊಸೆಸರ್‌ಗಳಿಗಾಗಿ ‘ಇಂಟೆಲ್_ಪಿಸ್ಟೇಟ್’ ಎಂಬ ಪ್ರತ್ಯೇಕ ಚಾಲಕ ತಂತ್ರಾಂಶ ತಂದಿತು. ಅದರೊಳಗೂ ಎರಡು ನೀತಿಗಳು, ಅವುಗಳಿಗೂ ಅದೇ ಎರಡು ಹೆಸರುಗಳು. ಆದರೆ ಇಲ್ಲಿನ ‘ಪವರ್‌ಸೇವ್’ ಕನಿಷ್ಠ ವೇಗಕ್ಕೆ ಅಂಟಿ ಕೂರುವುದಿಲ್ಲ. ಕೆಲಸ ಹೆಚ್ಚಿದಾಗ ವೇಗ ಏರುತ್ತದೆ, ಕೆಲಸ ತಗ್ಗಿದಾಗ ಇಳಿಯುತ್ತದೆ. ಮೂಲ ವ್ಯವಸ್ಥೆಯಲ್ಲಿ ‘ಆನ್‌ಡಿಮ್ಯಾಂಡ್’ ಎಂಬ ಬೇರೊಂದು ಗವರ್ನರ್ ಮಾಡುತ್ತಿದ್ದ ಕೆಲಸವಿದು.

ಪರಿಣಾಮ ಊಹಿಸಬಹುದಾದದ್ದೇ. ತಮ್ಮ ಯಂತ್ರ ‘ಪವರ್‌ಸೇವ್’ ಸ್ಥಿತಿಯಲ್ಲಿದೆ ಎಂದು ಕಂಡವರು, ಪ್ರೊಸೆಸರ್‌ನ ಕೈಕಟ್ಟಲಾಗಿದೆ ಎಂದೇ ನಂಬಿದರು. ಸರ್ವರ್ ನೋಡಿಕೊಳ್ಳುವವರು, ಆಟ ಆಡುವವರು ಅದನ್ನು ‘ಪರ್ಫಾರ್ಮೆನ್ಸ್’ಗೆ ಬದಲಿಸಿದರು. ಬೇಡದ ಹೊತ್ತಿನಲ್ಲಿಯೂ ವಿದ್ಯುತ್ ವ್ಯಯವಾಗುವ ಸ್ಥಿತಿಯನ್ನು ತಾವೇ ಬರಮಾಡಿಕೊಂಡರು. ಹಾಗೆ ಮಾಡಿದವರನ್ನು ದೂರುವುದು ಹೇಗೆ? ಪದಕ್ಕೆ ಇದ್ದ ಅರ್ಥವನ್ನು ನಂಬಿದ್ದು ತಪ್ಪೇ?

ಈ ವ್ಯತ್ಯಾಸವನ್ನು ಸಾಮಾನ್ಯ ನಿರ್ವಾಹಕರಿಗೂ ಅರ್ಥವಾಗುವಂತೆ ವಿಸ್ತಾರವಾಗಿ ಬರೆದವರು ಕರ್ನಲ್‌ನ ವಿದ್ಯುತ್ ನಿರ್ವಹಣಾ ವಿಭಾಗದ ಉಸ್ತುವಾರಿ, ಪೋಲೆಂಡ್ ಮೂಲದ ರಫಾಯೆಲ್ ವೈಸೋಸ್ಕಿ. 2017ರಲ್ಲಿ ಅವರು ಪ್ರೊಸೆಸರ್ ವೇಗ ನಿರ್ವಹಣೆಯ ದಾಖಲೆಗಳನ್ನು ಹೊಸದಾಗಿ ಬರೆದರು. ಹೆಸರುಗಳು ಒಂದೇ ಆದರೂ ಗುಣ ಒಂದಲ್ಲ, ಇದು ಗೊಂದಲಕರವೇ ಸರಿ ಎಂದು ದಾಖಲೆಯೊಳಗೇ ಒಪ್ಪಿಕೊಂಡದ್ದು ಗಮನಾರ್ಹ. ಗುಂಡಿ ಬಂದದ್ದು 2013ರಲ್ಲಿ, ಇಂಥ ವಿವರಣೆ ಬಂದದ್ದು 2017ರಲ್ಲಿ. ನಡುವಿನ ನಾಲ್ಕು ವರ್ಷಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆ ಇನ್ನೂ ಪೂರ್ತಿ ಅಳಿದಿಲ್ಲ.

ಕೆಲವೆಡೆ ಕಡತವೂ ಅದೇ, ಪದವೂ ಅದೇ, ಬದಲಾದದ್ದು ಅರ್ಥ. ಯಂತ್ರವನ್ನು ಮಲಗಿಸಲು ‘ಪವರ್/ಸ್ಟೇಟ್’ ಕಡತದಲ್ಲಿ ‘ಮೆಮ್’ ಎಂದು ಬರೆಯುವುದು ಹಳೆಯ ರೂಢಿ. ಮೊದಲು ಅದರರ್ಥ ಮೆಮೊರಿಯೊಂದನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲವನ್ನೂ ಆರಿಸುವ ಗಾಢ ನಿದ್ರೆ. 2017ರ ಫೆಬ್ರವರಿಯಲ್ಲಿ ಬಂದ 4.10ನೇ ಆವೃತ್ತಿಯಿಂದೀಚೆಗೆ ‘ಮೆಮ್’ ಎಂದರೆ ಯಾವ ನಿದ್ರೆ ಎಂಬುದನ್ನು ಇನ್ನೊಂದು ಕಡತ ನಿರ್ಧರಿಸುತ್ತದೆ. ಅಲ್ಲಿ ಹಗುರ ನಿದ್ರೆ ಆಯ್ಕೆಯಾಗಿದ್ದರೆ ಮುಚ್ಚಳ ಮುಚ್ಚಿ ಚೀಲದಲ್ಲಿಟ್ಟ ಲ್ಯಾಪ್‌ಟಾಪ್ ಬ್ಯಾಟರಿ ತಿನ್ನುತ್ತಲೇ ಇರಬಹುದು.

ಉತ್ತರ ಸಿಕ್ಕಿದ್ದು ಎದುರಾಳಿಯ ಮನೆಯಲ್ಲಿ

ದಾಖಲೆ ಬರೆಯಬೇಕಾದವರಿಗೇ ಯಂತ್ರಾಂಶದ ವರ್ತನೆ ತಿಳಿಯದಿದ್ದರೆ? 2011ರಲ್ಲಿ ಆದದ್ದು ಅದೇ.

ಆ ವರ್ಷದ ಮಾರ್ಚ್‌ನಲ್ಲಿ 2.6.38ನೇ ಆವೃತ್ತಿ ಬಿಡುಗಡೆಯಾಯಿತು. ಅದನ್ನು ಹಾಕಿಕೊಂಡ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿದ್ಯುತ್ ಬಳಕೆ ಎದ್ದುಕಾಣುವಷ್ಟು ಹೆಚ್ಚಿತು. ಫೊರಾನಿಕ್ಸ್ ತಾಣದ ಮೈಕೆಲ್ ಲಾರಾಬೆಲ್ ಅವರು ಆವೃತ್ತಿಯಿಂದ ಆವೃತ್ತಿಗೆ ಅಳತೆ ಮಾಡುತ್ತ ಹೋಗಿ, ಸಮಸ್ಯೆಯ ಬೇರು ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಗಳನ್ನು ಮಲಗಿಸುವ ‘ಎಎಸ್‌ಪಿಎಂ’ ವ್ಯವಸ್ಥೆಯಲ್ಲಿದೆ ಎಂದು ಗುರುತಿಸಿದರು.

ಯಂತ್ರದ ಮೂಲ ತಂತ್ರಾಂಶವಾದ ಬಯಾಸ್, ತನ್ನಲ್ಲಿ ಈ ವ್ಯವಸ್ಥೆಗೆ ಬೆಂಬಲವಿಲ್ಲ ಎಂದು ಕಾರ್ಯಾಚರಣ ವ್ಯವಸ್ಥೆಗೆ ಸೂಚಿಸಲು ಒಂದು ಗುರುತು ಇಡುವ ಅವಕಾಶವಿದೆ. ಆ ಗುರುತು ಕಂಡರೆ ಏನು ಮಾಡಬೇಕು? ವ್ಯವಸ್ಥೆಯನ್ನು ಎಲ್ಲ ಸಾಧನಗಳಲ್ಲಿಯೂ ಆರಿಸಿಬಿಡಬೇಕು ಎಂದು ಲಿನಕ್ಸ್ ಅರ್ಥೈಸಿಕೊಂಡಿತು. ಬಯಾಸ್ ತಾನೇ ಮೊದಲು ಚಾಲೂ ಮಾಡಿಟ್ಟಿದ್ದ ಉಳಿತಾಯವೂ ಇದರಿಂದ ಆರಿಹೋಯಿತು. ‘ಬೆಂಬಲವಿಲ್ಲ’ ಎಂಬ ಗುರುತಿನ ನಿಜವಾದ ಅರ್ಥ ‘ಮುಟ್ಟಬೇಡ’ ಎಂದೋ ‘ಆರಿಸಿಬಿಡು’ ಎಂದೋ ಎಂಬುದು ಯಾರಿಗೂ ಖಚಿತವಿರಲಿಲ್ಲ.

ಆಗ ರೆಡ್ ಹ್ಯಾಟ್‌ನಲ್ಲಿದ್ದ ಮ್ಯಾಥ್ಯೂ ಗ್ಯಾರೆಟ್ ಅವರಿಗೆ ಸುಳಿವು ಸಿಕ್ಕಿದ್ದು ಮೈಕ್ರೋಸಾಫ್ಟ್ ಸಂಸ್ಥೆಯ ಪ್ರಾತ್ಯಕ್ಷಿಕೆಯೊಂದರಲ್ಲಿ. ವಿಂಡೋಸ್ ವಿಸ್ಟಾ ಕಾಲದ ಆ ಸ್ಲೈಡ್‌ಗಳ ಪ್ರಕಾರ, ಬಯಾಸ್ ಪೂರ್ಣ ಅಧಿಕಾರ ಒಪ್ಪಿಸದಿದ್ದರೆ ವಿಂಡೋಸ್ ಈ ವ್ಯವಸ್ಥೆಯನ್ನು ಮುಟ್ಟುವುದೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬಿಡುತ್ತದೆ. ಲ್ಯಾಪ್‌ಟಾಪ್ ತಯಾರಕರು ತಮ್ಮ ಯಂತ್ರಗಳನ್ನು ಪರೀಕ್ಷಿಸುವುದು ವಿಂಡೋಸ್‌ನೊಂದಿಗೆ. ಆದ್ದರಿಂದ ವಿಂಡೋಸ್ ಹೇಗೆ ವರ್ತಿಸುತ್ತದೆಯೋ ಅದೇ ಪ್ರಮಾಣ. ಗ್ಯಾರೆಟ್ ಅವರ ತಿದ್ದುಪಡಿಯನ್ನು ಹೊತ್ತ 3.2.5ನೇ ಆವೃತ್ತಿ 2012ರ ಫೆಬ್ರವರಿಯಲ್ಲಿ ಹೊರಬಂತು. ಪ್ರತಿಸ್ಪರ್ಧಿ ಸಂಸ್ಥೆಯ ಸ್ಲೈಡ್‌ನಲ್ಲಿದ್ದ ಒಂದು ವಾಕ್ಯವನ್ನು ತಲುಪಲು ಸುಮಾರು 11 ತಿಂಗಳು ಹಿಡಿದಿತ್ತು.

ಇದೇ ಬಗೆಯ ಮತ್ತೊಂದು ಪ್ರಕರಣವೂ ಅದೇ ವರ್ಷದ್ದು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ವೇಗಕ್ಕೂ ಉಳಿತಾಯಕ್ಕೂ ನಡುವಿನ ಒಲವನ್ನು ತಿಳಿಸುವ, 0ಯಿಂದ 15ರವರೆಗಿನ ಒಂದು ಸಂಖ್ಯೆ ಇರುತ್ತದೆ. 0 ಎಂದರೆ ಪೂರ್ತಿ ವೇಗದ ಪರ, 15 ಎಂದರೆ ಪೂರ್ತಿ ಉಳಿತಾಯದ ಪರ. ಯಂತ್ರ ಹೊತ್ತಿಕೊಂಡಾಗ ಸಂಖ್ಯೆ 0 ಇರುತ್ತದೆ. ಕಾರ್ಯಾಚರಣ ವ್ಯವಸ್ಥೆ ನೋಡಿಕೊಳ್ಳುತ್ತದೆಂದು ಬಯಾಸ್ ಬರೆದವರು, ಬಯಾಸ್ ನೋಡಿಕೊಂಡಿದೆಯೆಂದು ಕಾರ್ಯಾಚರಣ ವ್ಯವಸ್ಥೆಯವರು ಸುಮ್ಮನಿದ್ದರು. 2011ರಲ್ಲಿ ಕರ್ನಲ್ ತಾನೇ ಅದನ್ನು 6ಕ್ಕೆ ಬದಲಿಸತೊಡಗಿತು. ಆ ಸಂಖ್ಯೆಯನ್ನು ಬಳಕೆದಾರರು ಕಡತದ ಮೂಲಕ ನೋಡಿ ಬದಲಿಸುವ ಅವಕಾಶ, ಜೊತೆಗೆ ಅದರ ವಿವರಣೆ ಎರಡೂ ಬಂದದ್ದು 2019ರಲ್ಲಿ.

ಮಾಹಿತಿಗೇ ಕುತ್ತು

ಮೇಲಿನ ಪ್ರಕರಣಗಳಲ್ಲಿ ನಷ್ಟವಾದದ್ದು ಕೆಲವು ವ್ಯಾಟ್ ವಿದ್ಯುತ್. ಡಿಸ್ಕ್‌ಗಳ ವಿಷಯಕ್ಕೆ ಬಂದರೆ ಪರಿಸ್ಥಿತಿ ಗಂಭೀರ. ಸಾಟಾ ಸಂಪರ್ಕದ ವಿದ್ಯುತ್ ನೀತಿಗೆ ಮೊದಲಿದ್ದ ಆಯ್ಕೆಗಳು ಮೂರು: ಗರಿಷ್ಠ ಸಾಮರ್ಥ್ಯ, ಮಧ್ಯಮ ವಿದ್ಯುತ್, ಕನಿಷ್ಠ ವಿದ್ಯುತ್. ಉಳಿತಾಯ ಬಯಸುವವರು ಸಹಜವಾಗಿಯೇ ಕೊನೆಯದನ್ನು ಆಯ್ದರು. ಕೆಲವು ಡಿಸ್ಕ್‌ಗಳು ಆ ಸ್ಥಿತಿಯಲ್ಲಿ ಮಾಹಿತಿಯನ್ನೇ ಕೆಡಿಸಿದವು.

ಫೆಡೋರಾ 28 ಆವೃತ್ತಿಗಾಗಿ ಬ್ಯಾಟರಿ ಸುಧಾರಣೆಗೆ ಇಳಿದಿದ್ದ ರೆಡ್ ಹ್ಯಾಟ್‌ನ ಹಾನ್ಸ್ ಡಿ ಗೂಡ ಅವರು, ವಿಂಡೋಸ್‌ನಲ್ಲಿ ಇಂಟೆಲ್‌ನ ಚಾಲಕ ತಂತ್ರಾಂಶ ಬಳಸುವ ಸೆಟ್ಟಿಂಗ್ ಇವುಗಳಲ್ಲಿ ಯಾವುದೂ ಅಲ್ಲ ಎಂಬುದನ್ನು ಗಮನಿಸಿದರು. ಅದಕ್ಕೆ ಸರಿಹೊಂದುವ ನಾಲ್ಕನೆಯ ಆಯ್ಕೆಯನ್ನು 2018ರ ಜನವರಿಯ 4.15ನೇ ಆವೃತ್ತಿಗೆ ಸೇರಿಸಿದರು. ಸುಮ್ಮನಿರುವ ಲ್ಯಾಪ್‌ಟಾಪ್‌ನಲ್ಲಿ ಇದರಿಂದ 1ರಿಂದ 1.5 ವ್ಯಾಟ್‌ನಷ್ಟು ಉಳಿತಾಯ ಕಂಡುಬಂತು. ಇಡೀ ಯಂತ್ರ ಆ ಸ್ಥಿತಿಯಲ್ಲಿ ಬಳಸುವುದೇ ಕೆಲವು ವ್ಯಾಟ್ ಎಂಬುದನ್ನು ನೆನೆದರೆ ಇದು ಸಣ್ಣ ಮೊತ್ತವಲ್ಲ. ಇದರ ಜೊತೆಗೆ, ‘ಕನಿಷ್ಠ ವಿದ್ಯುತ್’ ಆಯ್ಕೆ ಕೆಲವು ಡಿಸ್ಕ್‌ಗಳಲ್ಲಿ ಮಾಹಿತಿ ನಾಶಕ್ಕೆ ಕಾರಣವಾಗುತ್ತದೆ, ಬಳಸಬಾರದು ಎಂಬ ಎಚ್ಚರಿಕೆ ಕರ್ನಲ್ ಸಿದ್ಧಪಡಿಸುವವರು ನೋಡುವ ವಿವರಣೆಯಲ್ಲಿ ಸೇರಿತು. ಒಂದೇ ವಾಕ್ಯ. ಅದು ಹತ್ತು ವರ್ಷ ಮೊದಲೇ ಅಲ್ಲಿರಬೇಕಿತ್ತು.

ಭದ್ರತೆಯ ಪ್ರಶ್ನೆ ಎದ್ದದ್ದು 2020ರಲ್ಲಿ. ಪ್ರೊಸೆಸರ್ ಈವರೆಗೆ ಎಷ್ಟು ಶಕ್ತಿ ಬಳಸಿದೆ ಎಂದು ತೋರಿಸುವ ಕಡತ 2014ರ 3.13ನೇ ಆವೃತ್ತಿಯಿಂದ ಕರ್ನಲ್‌ನಲ್ಲಿದೆ. ಅದಕ್ಕೆ ವಿವರಣೆಯೂ ಇತ್ತು. ಅಂಕಿ ಮೈಕ್ರೋಜೂಲ್‌ಗಳಲ್ಲಿದೆ ಎಂದು ಅಚ್ಚುಕಟ್ಟಾಗಿ ಬರೆಯಲಾಗಿತ್ತು. ಆ ಅಂಕಿ ಬೇರೇನನ್ನೆಲ್ಲ ಬಯಲು ಮಾಡಬಲ್ಲದು ಎಂಬ ಯೋಚನೆ ಮಾತ್ರ ಅದರಲ್ಲಿರಲಿಲ್ಲ. ಯಂತ್ರದಲ್ಲಿ ಖಾತೆ ಹೊಂದಿದ ಯಾರು ಬೇಕಾದರೂ ಅದನ್ನು ಓದಬಹುದಿತ್ತು. 2020ರ ನವೆಂಬರ್ 10ರಂದು ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಸಿಸ್ಪಾ ಕೇಂದ್ರದ ಸಂಶೋಧಕರು ‘ಪ್ಲಾಟಿಪಸ್’ ಎಂಬ ದಾಳಿಯನ್ನು ಪ್ರಕಟಿಸಿದರು. ವಿದ್ಯುತ್ ಬಳಕೆಯ ಸೂಕ್ಷ್ಮ ಏರಿಳಿತಗಳನ್ನು ಅಳೆದು ಗುಪ್ತಲಿಪಿಯ ಕೀಲಿಗಳನ್ನು ಹೊರತೆಗೆಯಬಹುದು ಎಂಬುದನ್ನು ಅವರು ತೋರಿಸಿದರು. ಲಿನಕ್ಸ್‌ನಲ್ಲಿ ಆ ಕಡತವನ್ನು ಓದುವ ಹಕ್ಕನ್ನು ಕೂಡಲೇ ಮುಖ್ಯ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಲಾಯಿತು. ಸಾಮಾನ್ಯ ಖಾತೆಯಲ್ಲಿ ಓಡುತ್ತಿದ್ದ ವಿದ್ಯುತ್ ಮಾಪನ ತಂತ್ರಾಂಶಗಳು ಅಂದಿನಿಂದ ಕುರುಡಾದವು.

ಬೆಂಗಳೂರಿನ ನಂಟು

ಬೆಂಗಳೂರಿನ ಎಂಜಿನಿಯರರು ಕೈಯಾಡಿಸಿದ ಗುಂಡಿಯೊಂದರ ಕಥೆಯೂ ಇಲ್ಲಿ ಪ್ರಸ್ತುತ. ಕೆಲಸಗಳನ್ನು ಕೆಲವೇ ಪ್ರೊಸೆಸರ್‌ಗಳಿಗೆ ಒಟ್ಟುಗೂಡಿಸಿ ಉಳಿದವನ್ನು ಮಲಗಿಸುವ ‘ಶೆಡ್_ಎಂಸಿ_ಪವರ್_ಸೇವಿಂಗ್ಸ್’ ಎಂಬ ಸೆಟ್ಟಿಂಗ್ 2006ರಲ್ಲಿ ಇಂಟೆಲ್ ಕಡೆಯಿಂದ ಕರ್ನಲ್‌ಗೆ ಸೇರಿತು. 2008ರ ಅಂತ್ಯದಲ್ಲಿ ಬೆಂಗಳೂರಿನಲ್ಲಿದ್ದ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದವರು ಅದನ್ನು ವಿಸ್ತರಿಸಿದರು. 0 ಮತ್ತು 1ರ ಜೊತೆಗೆ, ಇನ್ನೂ ಬಿಗಿಯಾಗಿ ಕೆಲಸ ಒಟ್ಟುಗೂಡಿಸುವ 2 ಎಂಬ ಮೌಲ್ಯವೂ ಬಂತು.

ಕೆಲಸ ಹಂಚುವ ಕೋಡ್ ಮುಂದೆ ಬದಲಾಗುತ್ತ ಹೋಯಿತು. ಈ ಸೆಟ್ಟಿಂಗ್ ಒಳಗೊಳಗೇ ನಿಷ್ಕ್ರಿಯವಾಯಿತು. ಕಡತ ಮಾತ್ರ ಇತ್ತು; 0 ಬರೆದರೂ 2 ಬರೆದರೂ ಸ್ವೀಕರಿಸುತ್ತಿತ್ತು. 2012ರಲ್ಲಿ ಪೀಟರ್ ಜೈಲ್‌ಸ್ಟ್ರಾ ಅವರು ಇದು ಕೆಲಸ ಮಾಡದ ಗುಂಡಿ ಎಂದು ಸಾರಿ, 3.5ನೇ ಆವೃತ್ತಿಯಿಂದ ಕಿತ್ತೊಗೆದರು. ಬಳಕೆದಾರರನ್ನು ಮುರಿಯಬಾರದು ಎಂಬ ನಿಯಮ ಇಲ್ಲಿ ಅಡ್ಡಬರಲಿಲ್ಲ. ಮುರಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಇಂಟೆಲ್, ಎಎಂಡಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮೊದಲಾದ ಚಿಪ್ ಸಂಸ್ಥೆಗಳ ದೊಡ್ಡ ಅಭಿವೃದ್ಧಿ ಕೇಂದ್ರಗಳು ಬೆಂಗಳೂರಿನಲ್ಲಿವೆ. ಇಲ್ಲಿ ಬರೆದ ಕೋಡ್ ಕರ್ನಲ್‌ಗೆ ಸೇರುವುದು ಇಂದು ಸುದ್ದಿಯೇ ಅಲ್ಲ. ಪ್ರಶ್ನೆ ಇರುವುದು ಕೋಡ್‌ನ ಜೊತೆ ಹೋಗಬೇಕಾದ ನಾಲ್ಕು ಪ್ಯಾರಾಗಳ ಬಗ್ಗೆ. ಹೊಸ ಚಿಪ್ ಮಾರುಕಟ್ಟೆಗೆ ಬರುವ ಹೊತ್ತಿಗೆ ಚಾಲಕ ತಂತ್ರಾಂಶ ಸಿದ್ಧವಿರಬೇಕೆಂಬ ಒತ್ತಡ ಸಂಸ್ಥೆಗಳ ಮೇಲಿರುತ್ತದೆ. ವಿವರಣೆಗೆ ಅಂಥ ಗಡುವು ಇಲ್ಲ. ಯಂತ್ರಾಂಶದ ಒಳಗುಟ್ಟು ಬಲ್ಲವರಿಗೆ ಅದನ್ನು ಬಹಿರಂಗಪಡಿಸುವ ಅನುಮತಿ ಎಷ್ಟೋ ಸಲ ಇರುವುದಿಲ್ಲ. ಬರೆಯುವ ಉಮೇದು ಇರುವ ಹೊರಗಿನ ಸ್ವಯಂಸೇವಕರಿಗೆ ಒಳಗುಟ್ಟು ಗೊತ್ತಿರುವುದಿಲ್ಲ. ಈ ಗಂಟು ಬಿಡಿಸುವ ಶಕ್ತಿ ಇರುವುದು ಸಂಸ್ಥೆಗಳ ಕೈಯಲ್ಲಿಯೇ ಹೊರತು ಸ್ವಯಂಸೇವಕರ ಕೈಯಲ್ಲಲ್ಲ.

ಸುಧಾರಣೆ ಆಗಿಲ್ಲವೆಂದಲ್ಲ. 2022ರ ಮಾರ್ಚ್‌ನಲ್ಲಿ 5.17ನೇ ಆವೃತ್ತಿಯೊಂದಿಗೆ ಎಎಂಡಿಯ ‘ಎಎಂಡಿ-ಪಿಸ್ಟೇಟ್’ ಚಾಲಕ ತಂತ್ರಾಂಶ ಬಂದಾಗ ಅದರ ವಿವರಣೆಯೂ ಜೊತೆಯಲ್ಲಿಯೇ ಬಂತು. ಆದರೆ 2023ರಲ್ಲಿ ಅದಕ್ಕೆ ಹೊಸ ವಿಧಾನವೊಂದು ಸೇರಿದಾಗ, ಅದರ ನೀತಿಗಳಿಗೆ ಇಟ್ಟ ಹೆಸರು ಮತ್ತದೇ ‘ಪರ್ಫಾರ್ಮೆನ್ಸ್’ ಮತ್ತು ‘ಪವರ್‌ಸೇವ್’. ಇಲ್ಲಿಯೂ ‘ಪವರ್‌ಸೇವ್’ ಎಂದರೆ ಕನಿಷ್ಠ ವೇಗವಲ್ಲ.

ಬ್ರೆಜಿಲ್‌ನ ಮೌರೊ ಕಾರ್ವಾಲೊ ಚೆಹಾಬ್ ಅವರ ಪ್ರಯತ್ನವನ್ನೂ ಉಲ್ಲೇಖಿಸಬೇಕು. ಎಬಿಐ ವಿಭಾಗದ ಕಡತಗಳನ್ನು ಯಂತ್ರವೇ ಓದಿ ಪುಟ ಕಟ್ಟುವಂತೆ 2020ರಲ್ಲಿ ಅವರು ಒಪ್ಪಗೊಳಿಸಿದರು. ಮರುವರ್ಷ ಅದಕ್ಕೊಂದು ತಪಾಸಣೆ ಸೇರಿಸಿದರು. ಓಡುತ್ತಿರುವ ಯಂತ್ರದಲ್ಲಿ ಕಾಣುವ ಪ್ರತಿಯೊಂದು ಗುಂಡಿಯನ್ನೂ ದಾಖಲೆಯೊಂದಿಗೆ ತಾಳೆ ನೋಡಿ, ವಿವರಣೆ ಇಲ್ಲದವುಗಳ ಪಟ್ಟಿ ಕೊಡುವ ತಂತ್ರಾಂಶವದು. ಎಷ್ಟು ಬಾಕಿ ಇದೆ ಎಂಬುದನ್ನು ಈಗ ಯಾರು ಬೇಕಾದರೂ ತಮ್ಮ ಯಂತ್ರದಲ್ಲಿಯೇ ಎಣಿಸಬಹುದು. ವಿವರಣೆ ಇದೆಯೇ ಎಂದಷ್ಟೇ ಅದು ಹೇಳಬಲ್ಲದು. ಇರುವ ವಿವರಣೆ ಸರಿಯೇ ಎಂದು ಹೇಳಲಾರದು.

‘ಪರೀಕ್ಷೆಯಲ್ಲಿರುವವು’ ಎಂಬ ಕೋಶಕ್ಕೆ 2006ರಲ್ಲಿ ಒಂದು ಸೂಚನೆ ಬರೆಯಲಾಗಿತ್ತು. ಇಲ್ಲಿನ ಗುಂಡಿಗಳನ್ನು ಬಳಸುವ ತಂತ್ರಾಂಶಗಳು ತಮ್ಮ ಹೆಸರನ್ನು ವಿವರಣೆಯಲ್ಲಿ ಸೇರಿಸಲಿ, ಬದಲಾವಣೆ ಆದಾಗ ತಿಳಿಸಲು ಅನುಕೂಲವಾಗುತ್ತದೆ ಎಂಬುದು ಅದರ ತಾತ್ಪರ್ಯ. ಸಾಧನಗಳ ನಿದ್ರೆ, ಎಚ್ಚರಗಳನ್ನು ನಿರ್ಧರಿಸುವ ‘ಪವರ್/ಕಂಟ್ರೋಲ್’ನ ವಿವರಣೆಯ ಮೇಲೆ 2009ರ ಜನವರಿಯ ದಿನಾಂಕವಿದೆ. ಲೆಕ್ಕವಿಲ್ಲದಷ್ಟು ಯಂತ್ರಗಳು ಅದನ್ನು ನಂಬಿವೆ. ಅದು ಇಂದಿಗೂ ಇರುವುದು ಅದೇ ‘ಪರೀಕ್ಷೆಯಲ್ಲಿರುವವು’ ಕೋಶದಲ್ಲಿ.